ಸೆರಗಿನ ಗಂಟು

ಕಪಾಟಿನಿಂದ ಅಜ್ಜಿಯ ಇಳಕಲ್ ಸೀರೆ ತೆಗೆದರೆ, ಡಾಂಬರು ಗುಳಿಗೆಯ ವಾಸನೆಯ ಜೊತೆಗೆ ಬೈಲಹೊಂಗಲದ ನಮ್ಮ ಕಾನ್ವೆಂಟಿನ ಒಂದು ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ನಾಲ್ಕನೇ ಇಯತ್ತೆಯ ನಮಗೆ ನಾಟಕ ಕಲಿಸಲು ಸಿಸ್ಟರು ಮಾಬೂಸಾಬ ಮಾಸ್ತರರನ್ನು ಕರೆಸಿದ್ದರು. ಹಿಂದೆ ನಾಟಕ ಕಂಪನಿಯಲ್ಲಿದ್ದ ಅವರು ಆಗ ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ನನ್ನದು ಮುದುಕಿಯ ಪಾತ್ರ. ಬೆನ್ನು ಬಗ್ಗಿಸಿ, ಕೋಲೂರಿ ಕೆಮ್ಮಿದೆ.

"ಇಂಥಾ ಮುದುಕಿ ಎಲ್ಲಾ ನಾಟಕದಾಗೂ ಇರತಾಳವ್ವಾ," ಎಂದರು ಮಾಸ್ತರರು. "ನಾಳೆ ನೀ ಕಣ್ಣಾರೆ ಕಂಡ ಮುದುಕಿನ್ನ ಮಾಡಿ ತೋರಸು. ಇಲ್ಲಂದ್ರ ಪಾತ್ರ ಶಬಾನಾಗ ಕೊಡತೇನಿ."

ಆ ಸಂಜೆಯೆಲ್ಲ ಅಜ್ಜಿಯ ಹಿಂದೆಯೇ ಸುಳಿದಾಡಿದೆ. ಮರುದಿನ ಅವಳನ್ನು ಕೇಳದೆ ಅವಳದೇ ಸೀರೆ ತಂದು ಸುತ್ತಿಕೊಂಡೆ. ಕೂರುವ ಮೊದಲು ಅವಳಂತೆ ಗೋಡೆ ಮುಟ್ಟಿದೆ. ಏನನ್ನೋ ಮರೆಯಬಾರದೆಂದು ಸೆರಗಿಗೆ ಗಂಟು ಹಾಕಿ, ಆಮೇಲೆ ಬಿಚ್ಚಿದೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ತಿರುಗಿ ನೋಡಿದರೆ ಬಾಗಿಲಲ್ಲಿ ನನ್ನ ಬುತ್ತಿ ಹಿಡಿದು ಅಜ್ಜಿ ನಿಂತಿದ್ದಳು. ನಾನು ಸೆರಗನ್ನು ಬೆನ್ನ ಹಿಂದೆ ಅಡಗಿಸಿದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮಾಸ್ತರ, ಈಕಿ ಒಂದು ಬಿಟ್ಟಾಳ್ರಿ," ಎಂದಳು. "ಗಂಟು ಬಿಚ್ಚೂ ಮುಂದ, ಅದನ್ನ ಯಾಕ ಹಾಕಿದ್ನಿ ಅನ್ನೂದ ಆ ಮುದುಕಿಗೆ ನೆಪ್ಪ ಇರಂಗಿಲ್ಲ. ಹಿಂಗ ನಿಂದರತಾಳ." ಬುತ್ತಿ ಕೆಳಗಿಟ್ಟು, ಸೆರಗಿನ ತುದಿ ಹಿಡಿದು, ಬಾಯಿ ತುಸು ತೆರೆದು ಜಂತಿಯನ್ನೇ ನೋಡುತ್ತ ನಿಂತು ತೋರಿಸಿದಳು.

ಮಾಸ್ತರರು ತಮ್ಮ ಕುರ್ಚಿಯನ್ನೇ ಅವಳತ್ತ ಎಳೆದರು.

"ಕುಂದರ್ರಿ ಆಯಿ. ನಾಟಕ ಮುಗಿಯೂತನಕ ದಿನಾ ಬರ್ರಿ," ಎಂದರು. "ಪಾತ್ರ ನಿಮ್ಮ ಮೊಮ್ಮಗಳದ."