ಬರ್ಚ್ ಮರದ ಹಳದಿ ಹಕ್ಕಿ

"ಹಳದಿ ಉಲಿಯಕ್ಕಿ! ಆ ಬೋಳು ಬರ್ಚ್ ಮರದ ತುದೀಲಿ!" ಎಂದು ಕೂಗಿದ ಮರುಕ್ಷಣವೇ ವೆಂಡೆಲ್‌ಗೆ ದುರ್ಬೀನಿನಲ್ಲಿ ಅದರ ತೊಟ್ಟು ಕಂಡಿತು. ಅದು ಉದುರದೆ ಉಳಿದಿದ್ದ ಒಂದು ಎಲೆ.

ಅಷ್ಟರಲ್ಲಿ ಅಡೆಲ್ ಅಜ್ಜಿಯ ಹಿತ್ತಿಲ ಜಗಲಿಯಲ್ಲಿ ಕೂತಿದ್ದ ಪಕ್ಷಿ ಸಂಘದವರೆಲ್ಲ ಕುಂಬಳಕಾಯಿ ಪೈ ಬಿಟ್ಟು ದುರ್ಬೀನು ಎತ್ತಿದ್ದರು. "ಆ ಹಕ್ಕಿ ಚಳಿಗೆ ಹೆದರಿ ದಕ್ಷಿಣಕ್ಕೆ ಹೋಗಿ ತಿಂಗಳಾಯ್ತಲ್ಲಯ್ಯಾ," ಎಂದ ಅಧ್ಯಕ್ಷ ಮರ್ಲ್. "ಹೋದ್ಸಲ ಪ್ಲಾಸ್ಟಿಕ್ ಚೀಲಾನ ಬೆಳ್ಳಕ್ಕಿ ಅಂದೋನು ನೀನೇ ಅಲ್ವಾ?" ಎಲ್ಲರೂ ನಕ್ಕರು. ಇನ್ನೊಬ್ಬರು ಕಂಡೆ ಎನ್ನದ ಹೊರತು ಯಾವ ಹಕ್ಕಿಯೂ ಸಂಘದ ಲೆಕ್ಕಕ್ಕೆ ಸೇರದು. ಹೇಗೂ ಯಾರೂ ಹಾಗೆ ಹೇಳುವುದಿಲ್ಲ, ಬಚಾವಾದೆ ಅಂದುಕೊಂಡ ವೆಂಡೆಲ್.

"ಸುಮ್ನಿರೋ ಮರ್ಲ್, ನಂಗೂ ಕಾಣ್ತಿದೆ," ಎಂದಳು ಸಂಘ ಕಟ್ಟಿದ ಅಡೆಲ್. "ಬಾಲ ಹೆಂಗೆ ಕುಣಿಸ್ತಿದೆ ನೋಡು." ಅಜ್ಜಿಗೆ ಕಂಡ ಮೇಲೆ ಇನ್ಯಾರಿಗೆ ಕಾಣದಿರುತ್ತದೆ? ಒಬ್ಬರಿಗೆ ಕೊಕ್ಕು ಕಂಡಿತು, ಇನ್ನೊಬ್ಬರಿಗೆ ಕಣ್ಣು. "ಅದು..." ಎಂದು ವೆಂಡೆಲ್ ಬಾಯಿ ತೆರೆದ. ಅಜ್ಜಿ ಖುಷಿಯಿಂದ ಅವನ ಕೈ ಹಿಡಿದು ಅದುಮಿದಳು, ಬಿಡಲಿಲ್ಲ.

ಗಾಳಿ ಬೀಸಿತು. ಎಲೆ ಕಳಚಿ, ಎಲ್ಲರ ಕಣ್ಣೆದುರೇ ತಿರುಗುತ್ತಾ ಬಂದು, ಮರ್ಲ್‌ನ ಸೇಬಿನ ಸೈಡರ್ ಲೋಟದ ಪಕ್ಕ ಬಿತ್ತು. ಯಾರೂ ದುರ್ಬೀನು ಇಳಿಸಲಿಲ್ಲ.

"ಆಹಾ," ಎಂದ ಮರ್ಲ್, ಬರಿದಾದ ಕೊಂಬೆಯನ್ನೇ ನೋಡುತ್ತಾ, "ಏನು ಬಣ್ಣ!"