ಬಿಸಿಲು ಮಾಡಿದ ಕೆಲಸ

"ನಿನ್ನೆ ಚರ್ಚಿಗೆ ಹೋಗುವಾಗ ಗುಲಾಬಿ, ವಾಪಸ್ ಬರುವಾಗ ನೀಲಿ. ನಡುವೆ ಯಾರೂ ಕೈ ಹಾಕಿಲ್ಲ ಅಂದ್ರೆ ನಾನು ನಂಬಬೇಕಾ?"

ಗೋರ್ಮೆಲಮ್ಮ ಮೇಜಿನ ಮೇಲಿದ್ದ ಶಾಲಿನ ಸುರುಳಿಗೆ ಬೆರಳು ಮಾಡಿ ಕೇಳಿದಳು. ಸೋಮವಾರದ ಬೆಳಗು. ಮಾರ್ಸಲಿ ಆಗಷ್ಟೇ ಹಿತ್ತಲ ದಿಬ್ಬದಿಂದ ಶಾಲನ್ನು ಗಡಿಬಿಡಿಯಲ್ಲಿ ಸುತ್ತಿ ತಂದು ಹಾಕಿದ್ದಳು. ಬಿಚ್ಚಿ ನೋಡಲೂ ಪುರಸೊತ್ತಾಗಿರಲಿಲ್ಲ. ಒಲೆಯ ಮೇಲೆ ಓಟ್ಸ್ ಗಂಜಿ ಉಕ್ಕುವುದರಲ್ಲಿತ್ತು, ತೊಟ್ಟಿಲಲ್ಲಿ ಕೂಸು ಅಳುವುದರಲ್ಲಿತ್ತು.

"ಬಿಡೇ, ಬಣ್ಣ ತಾನೆ," ಎಂದ ಟಾರ್ಕಿಲ್, ಹೊಸ್ತಿಲಲ್ಲೇ ನಿಂತು ಮೂಗೊರೆಸಿಕೊಳ್ಳುತ್ತಾ. ಅವನು ಗೋರ್ಮೆಲಮ್ಮನ ಗಂಡ, ಚರ್ಚಿನ ಹಿರಿಯ. ಊರಿನವರ ಭಾನುವಾರದ ತಪ್ಪುಗಳನ್ನು ವಿಚಾರಿಸುವುದು ಅವನ ಜವಾಬ್ದಾರಿ, ಹುಡುಕುವುದು ಅವಳ ಹವ್ಯಾಸ.

"ಬಣ್ಣ ತಾನೆ? ಹಿರಿಯ ಅನ್ನಿಸಿಕೊಂಡೋರು ಆಡೋ ಮಾತಾ ಇದು? ಭಾನುವಾರ ಈ ಹ್ಯಾರಿಸ್‌ ದ್ವೀಪದಲ್ಲಿ ಹುಂಜ ಕೂಡ ಕೂಗೋಕೆ ಹಿಂದೆಮುಂದೆ ನೋಡುತ್ತೆ. ಇವಳು ಕೂಸಿಗೆ ಜ್ವರ ಅಂತ ಮನೇಲುಳಿದು ಬಣ್ಣದ ಹಂಡೆಗೆ ಬೆಂಕಿ ಹಾಕಿದ್ದಾಳೆ!"

"ಬೆಂಕಿ ಹಾಕಿದ್ರೆ ನಾತ ಬರ್ತಿರಲಿಲ್ವಾ ಗೋರ್ಮೆಲಮ್ಮ? ಅದು ಎಂಥ ಹಂಡೆ ಅಂತ ನಿಮಗೇ ಗೊತ್ತಲ್ಲ."

ಊರಿಗೆಲ್ಲ ಗೊತ್ತಿತ್ತು. ಕಡಲ ಕಡೆಯ ಕಲ್ಲುಗೋಡೆಯಿಂದ ಹಳದಿ ಕಲ್ಲುಹೂವನ್ನು ಕೆರೆದು, ಹಳಸಿದ ಉಚ್ಚೆಯಲ್ಲಿ ವಾರಗಟ್ಟಲೆ ನೆನೆಹಾಕಿ, ದಿನಾ ಕದಡುತ್ತಾ ಬಂದರೆ ಅದರ ಕ್ಷಾರಕ್ಕೆ ಹಳದಿಯೆಲ್ಲ ಕೆಂಪಿಗೆ ತಿರುಗುತ್ತದೆ. ಮಾರ್ಸಲಿಯ ಗಂಡ ಮೀನುದೋಣಿ ಹತ್ತುವ ಮುಂಚೆ ಹಂಡೆಗೆ ತನ್ನ ಪಾಲು ಸಲ್ಲಿಸಿ ಹೋಗಿದ್ದ. ನೆರೆಯವನೆಂದು ಟಾರ್ಕಿಲ್ ಕೂಡ ಒಂದು ಬಕೆಟ್ ಕಳಿಸಿಕೊಟ್ಟಿದ್ದ. ಶನಿವಾರ ಸಂಜೆ ಶಾಲು ಗುಲಾಬಿಯಾಗಿ ಹೊರಬಂತು. ದಿಬ್ಬದ ಹುಲ್ಲಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ಮೂಲೆಗೊಂದು ಕಲ್ಲಿಟ್ಟಳು. ಅಷ್ಟರಲ್ಲಿ ಹಸು ಈಯತೊಡಗಿತು. ಕರು ಎದ್ದು ನಿಲ್ಲುವ ಹೊತ್ತಿಗೆ ಗಡಿಯಾರ ಭಾನುವಾರಕ್ಕೆ ಕಾಲಿಟ್ಟಿತ್ತು. ಕೆಲಸ ಕೂಡದ ದಿನ ಒಣಹಾಕಿದ್ದನ್ನು ಎತ್ತುವುದೂ ಕೆಲಸವೇ. ರಾತ್ರಿ ಮಳೆಗೆ ಅದು ಅಲ್ಲೇ ನೆನೆಯಿತು, ಬೆಳಗಿನ ಬಿಸಿಲಿಗೆ ಅಲ್ಲೇ ಬಿದ್ದಿತ್ತು. ದಾರಿಗೆ ಕಾಣುತ್ತಿದ್ದುದು ಅದರ ಕೆಳಗಿನ ಅಂಚು ಮಾತ್ರ. ಗೋರ್ಮೆಲಮ್ಮನಿಗೆ ಅಷ್ಟೇ ಸಾಕಾಗಿತ್ತು.

"ಮುಂದಿನ ಭಾನುವಾರ ಈ ಕೂಸಿಗೆ ದೀಕ್ಷಾಸ್ನಾನ ಅಲ್ವಾ? ಕೆಲಸ ನಿಷಿದ್ಧವಾದ ದಿನ ಕೆಲಸ ಮಾಡಿದ ತಾಯಿಯ ಮಗುವಿನ ಹಣೆಗೆ ಪಾದ್ರಿ ನೀರು ಮುಟ್ಟಿಸಲ್ಲ. ಏನ್ರೀ, ಹೇಳಿ!"

ಟಾರ್ಕಿಲ್ ಹೇಳುವ ಬದಲು ಸೀನಿದ.

ಮಾರ್ಸಲಿ ತೊಟ್ಟಿಲನ್ನು ಒಮ್ಮೆ ತೂಗಿದಳು. ಕೂಸಿಗೆ ಹೆಸರಿಡುವುದು ಆ ನೀರು ಬಿದ್ದಾಗಲೇ. ತಂದೆ ವಾಪಸಾಗುವುದರೊಳಗೆ ಹೆಸರಿಲ್ಲದ ಕೂಸು ಎಂದು ಊರು ಆಡಿಕೊಳ್ಳುತ್ತದೆ. ಆಗ ತೀರಿಹೋದ ಅತ್ತೆ ನೆನಪಾದಳು. ಬಣ್ಣ ಹಾಕಿದ ನೂಲನ್ನು ಅತ್ತೆ ಎಂದೂ ಹೊರಗೆ ಒಣಹಾಕುತ್ತಿರಲಿಲ್ಲ, ಅಟ್ಟದ ಕತ್ತಲಲ್ಲೇ. "ಬಿಸಿಲು ಕಂಡ್ರೆ ಇದಕ್ಕೆ ಬುದ್ಧಿ ನೆಟ್ಟಗಿರಲ್ಲ ಕಣೇ," ಎನ್ನುತ್ತಿದ್ದಳು. ದೃಷ್ಟಿಯಾಗುತ್ತದೆಂಬ ಭಯವಿರಬೇಕೆಂದು ಮಾರ್ಸಲಿ ಒಳಗೊಳಗೇ ನಕ್ಕಿದ್ದಳು.

"ನಾನು ಕೆಲಸ ಮಾಡಿಲ್ಲ. ಬಿಸಿಲು ಮಾಡಿದೆ," ಎಂದಳು. "ಒದ್ದೆ ಇದ್ದಾಗ ಬಿಸಿಲು ಬಿದ್ರೆ ಈ ಗುಲಾಬಿ ನೀಲಿಯಾಗುತ್ತೆ. ಮೂಲೆ ನೋಡಿ. ಕಲ್ಲಿಟ್ಟ ಕಡೆ ಬಿಸಿಲು ಬಿದ್ದಿಲ್ಲ."

ಸುರುಳಿಯಿಂದ ಒಂದು ಮೂಲೆ ಎಳೆದಳು. ನೀಲಿಯ ನಡುವೆ ಮುಷ್ಟಿಗಾತ್ರದ ಗುಲಾಬಿ. ಇನ್ನೊಂದು ಮೂಲೆ ಎಳೆದಳು. ಅಲ್ಲೂ ಗುಲಾಬಿ.

"ಸರಿ ಹೋಯ್ತಲ್ಲ," ಎಂದು ಟಾರ್ಕಿಲ್ ಅವಸರದಿಂದ ಟೋಪಿ ಹಾಕಿಕೊಂಡ. "ಬಿಸಿಲಿಗೆ ನಾವು ಶಿಕ್ಷೆ ಕೊಡೋಕಾಗಲ್ಲ. ಬಾರೇ, ಹೋಗೋಣ."

"ತಡೀರಿ. ಪೂರ್ತಿ ಬಿಚ್ಚಲಿ."

"ಪೂರ್ತಿ ಯಾಕೆ? ಹುಡುಗಿ ಹೇಳಿದಳಲ್ಲ!"

ಗಂಡನಿಗೆ ಎಂದೂ ಇಲ್ಲದ ಈ ದಯೆ ಗೋರ್ಮೆಲಮ್ಮನಿಗೆ ಸರಿಬರಲಿಲ್ಲ. ತಾನೇ ಸುರುಳಿಯ ತುದಿ ಹಿಡಿದು ಒಮ್ಮೆ ಕೊಡವಿದಳು. ಶಾಲು ಮೇಜಿನುದ್ದಕ್ಕೂ ಹರಡಿಕೊಂಡಿತು. ಮೂರೂ ಜನ ಬಗ್ಗಿ ನೋಡಿದರು. ಟಾರ್ಕಿಲ್ ಸ್ವಲ್ಪ ಕಡಿಮೆ ಬಗ್ಗಿದ.

ದಾರಿಗೆ ಕಾಣದ ಮೇಲಿನ ಅರ್ಧದಲ್ಲಿ, ಅಚ್ಚ ನೀಲಿಯ ನಡುವೆ, ಒತ್ತೊತ್ತಾಗಿ ಎರಡು ಗುಲಾಬಿ ಪಾದಗಳು. ಹಿಮ್ಮಡಿಯೂ ಇತ್ತು, ಮೊಣಕಾಲಿನ ತನಕದ ಉದ್ದವೂ ಇತ್ತು. ಯಾರೋ ಒದ್ದೆ ಕಾಲುಚೀಲಗಳನ್ನು ಅಲ್ಲಿ ನೀಟಾಗಿ ಒಣಹಾಕಿದ್ದರು. ಅದೂ ಭಾನುವಾರ, ಬಿಸಿಲಿದ್ದಾಗ, ಎಲ್ಲರೂ ಚರ್ಚಿನಲ್ಲಿದ್ದಾಗ.

"ಅಯ್ಯೋ ದೇವರೇ, ಯಾರ ಕೆಲಸ ಇದು!" ಎಂದು ಗೋರ್ಮೆಲಮ್ಮ ಹುರುಪಿನಿಂದ ತೋಳು ಮೇಲೇರಿಸಿದಳು. ಒಂದಕ್ಕೆ ಎರಡು ಅಪರಾಧಿಗಳು ಸಿಕ್ಕಂತಾಗಿತ್ತು. "ಮನೆ ಪಕ್ಕದ ಹಳ್ಳದಲ್ಲಿ ಜಾರಿರಬೇಕು. ಎಂಥ ಕಾಲು ನೋಡ್ರೀ, ದೋಣಿ ಇದ್ದ ಹಾಗಿದೆ. ಇಷ್ಟು ದೊಡ್ಡ ಪಾದ ಈ ಊರಲ್ಲಿ..."

ಮಾತು ಅಲ್ಲಿಗೇ ನಿಂತಿತು. ಎಡಗಡೆಯ ಪಾದದ ತುದಿಯಲ್ಲಿ, ಹೆಬ್ಬೆರಳು ಬರುವ ಜಾಗದಲ್ಲಿ, ಒಂದು ದುಂಡನೆಯ ನೀಲಿ ಚುಕ್ಕೆಯಿತ್ತು. ಕಾಲುಚೀಲದ ತೂತಿನೊಳಗೆ ಬಿಸಿಲು ಹೊಕ್ಕಿದ್ದ ಗುರುತು. ಅವಳು ಅದರ ಮೇಲೆ ಮೆಲ್ಲಗೆ ಕಿರುಬೆರಳಿಟ್ಟಳು, ಅಳತೆ ನೋಡುವವಳಂತೆ.

"ಬಿಚ್ಚಿಕೊಡಿ, ಹೊಲೀತೀನಿ ಅಂತ ಶುಕ್ರವಾರವೇ ಬಡ್ಕೊಂಡೆ. ನಿನ್ನೆ ಪ್ರಾರ್ಥನೆ ಮುಗಿಯೋ ಹೊತ್ತಿಗೆ ಬಂದು ಕೂತದ್ದು ಇದಕ್ಕೇನಾ?" ಎಂದಳು, ಯಾರಿಗೂ ಕೇಳಿಸದಿರಲೆಂದು ಸಣ್ಣ ದನಿಯಲ್ಲಿ.

ಮಾರ್ಸಲಿ ಗಂಜಿ ಇಳಿಸುವ ನೆವದಲ್ಲಿ ಒಲೆಯ ಕಡೆ ತಿರುಗಿದಳು. ಅವಳ ಭುಜಗಳು ಮಾತ್ರ ಕುಲುಕುತ್ತಿದ್ದವು.

ಗೋರ್ಮೆಲಮ್ಮ ಶಾಲನ್ನು ಎತ್ತಿ, ಪಾದಗಳು ಒಳಗೆ ಹೋಗುವಂತೆ ಮಡಿಸಿ, ಇನ್ನೊಮ್ಮೆ ಮಡಿಸಿ, ತೊಟ್ಟಿಲ ಮೇಲಿಟ್ಟಳು. "ದೀಕ್ಷಾಸ್ನಾನ ಭಾನುವಾರವೇ ನಡೆಯುತ್ತೆ," ಎಂದಳು. "ಹಿರಿಯರು ಪಾದ್ರಿಗೆ ತಾವೇ ಹೋಗಿ ಹೇಳ್ತಾರೆ."

ಹಿರಿಯರು ಇನ್ನೊಮ್ಮೆ ಸೀನಿ, ತಮ್ಮ ಎಡಗಾಲನ್ನು ಮೆಲ್ಲಗೆ ಬಲಗಾಲಿನ ಹಿಂದೆ ಅಡಗಿಸಿದರು.