ಅಜ್ಜಿ ಅಂಟಿಸಿದ ಮೂಗು

ಇಸ್ತ್ರಿ ಅಂಗಡಿಯ ಮುಂದೆ ಗಂಜಿಯ ವಾಸನೆ ಬಂದರೆ ಇಂದಿಗೂ ನನಗೆ ನೆನಪಾಗುವುದು ಒಂದು ಮೂಗು.

ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಗೆ ವಾರಕ್ಕೊಮ್ಮೆ ಪತ್ರಿಕೆ ಬರುತ್ತಿತ್ತು. ಅದರ ಕೊನೆಯ ಪುಟದ ವ್ಯಂಗ್ಯಚಿತ್ರದಲ್ಲಿದ್ದ ಉದ್ದ ಮೂಗಿನ ಮಾವನೆಂದರೆ ನನಗೆ ಪ್ರಾಣ. ಅವನ ಕತೆಯನ್ನೇ ಸಿನಿಮಾ ಮಾಡಿದ್ದಾರೆ, ಟೆಂಟಿಗೆ ಬಂದಿದೆ ಎಂದು ಒಂದು ಮಧ್ಯಾಹ್ನ ತಮಟೆ ಬಾರಿಸುತ್ತ ಎತ್ತಿನ ಗಾಡಿ ಬಂತು. ಗಾಡಿಯ ಮೇಲೆ ಸಾಕ್ಷಾತ್ ಮಾವನೇ ಕೂತಿದ್ದ!

ಬೀದಿಯುದ್ದಕ್ಕೂ ಮಗ್ಗಕ್ಕೆ ಏರಿಸುವ ರೇಷ್ಮೆಯ ಹಾಸುನೂಲನ್ನು ಎಳೆದು ಕಟ್ಟಿ ಅಜ್ಜಿ ಗಂಜಿ ಹಚ್ಚುತ್ತಿದ್ದಳು. ಅದು ಒಣಗುವ ತನಕ ಯಾವ ಗಾಡಿಯಾದರೂ ನಿಲ್ಲಲೇಬೇಕು. ಮಾವ ಇಳಿದು ನೀರು ಕೇಳಿದ. ಚೊಂಬು ಎತ್ತುತ್ತಲೇ ಬೆವರಿಗೆ ನೆನೆದಿದ್ದ ರಟ್ಟಿನ ಮೂಗು ಕಳಚಿ ಬಿತ್ತು. ಅದರ ಹಿಂದೆ ಚಿಕ್ಕದೊಂದು ಮೊಂಡು ಮೂಗಿತ್ತು.

“ನೀನು ಮಾವ ಅಲ್ಲ!” ಎಂದು ನಾನು ಹೋ ಎಂದು ಅತ್ತೆ.

“ಇದಿಲ್ದೆ ವಾಪಸ್ ಓದ್ರೆ ಟೆಂಟ್ನೋರು ಕೆಲ್ಸದಿಂದ ತಗ್ದ್‌ಬುಡ್ತಾರೆ ಕಣವ್ವ,” ಎಂದು ಆತ ಅಜ್ಜಿಗೆ ಮೆಲ್ಲಗೆ ಹೇಳಿದ.

ಅಜ್ಜಿ ನೂಲಿನ ಗಂಜಿಯನ್ನೇ ಬೆರಳಲ್ಲಿ ತೆಗೆದು ರಟ್ಟಿಗೆ ಸವರಿ, ಅವನ ಮುಖಕ್ಕೆ ಒತ್ತಿ ಹಿಡಿದು, ಸೆರಗಿನಿಂದ ಗಾಳಿ ಹಾಕಿದಳು. “ಅಳ್ಳಾಡ್‌ಬ್ಯಾಡ ಕಣಪ್ಪ, ಒಣಗ್ಲಿ.” ಮೂಗು ಗಟ್ಟಿಯಾಗಿ ಕೂತಾಗ ಆತ ಮತ್ತೆ ನನ್ನ ಮಾವನೇ ಆದ.

ಅಂದು ಸಂಜೆ ಟೆಂಟಿನಲ್ಲಿ, ಪರದೆಯ ಮೇಲಿನ ಮಾವ ಜೋರಾಗಿ ಸೀನಿದ. ಜನರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ.

ಅಜ್ಜಿ ನನ್ನ ಕೈ ಹಿಡಿದು ಕಿವಿಯಲ್ಲಿ ಹೇಳಿದಳು: “ಎದರ್ಕಬ್ಯಾಡ ಮಗ. ನಮ್ಮ ಗಂಜಿ ಅದು, ಬುಡಾಕಿಲ್ಲ.”